ಎಣ್ಣೆ ಕುಡಿಯದ ಕಾಗದ ಮತ್ತು ಮುನಿಕೆಂಪಮ್ಮನ ಒಬ್ಬಟ್ಟು

ಮುನಿಕೆಂಪಮ್ಮ ಅವರನ್ನು ಮಾಲು ನೋಡುವಂತೆ ನೋಡಿದರೆ ಮೊದಲು ಬರೆದುಕೊಳ್ಳಬೇಕಾದದ್ದು ಇಷ್ಟು: ರಿಯಾಯಿತಿ ಇಲ್ಲ. ಎತ್ತರ ಕಮ್ಮಿ, ಅಗಲ ಧಾರಾಳ. ಮೇಲಿನ ಹೊದಿಕೆ ಹತ್ತಿ ಸೀರೆ, ಸೆರಗು ಯಾವಾಗಲೂ ಸೊಂಟಕ್ಕೆ ಬಿಗಿದಿರುತ್ತದೆ. ಬಲಗೈ ಬೆರಳಿನಿಂದ ಮೊಣಕೈವರೆಗೆ ಕಾವಲಿ ತಾಗಿ ಸುಟ್ಟ ಕಲೆಗಳು. ಕಣ್ಣು ತಕ್ಕಡಿಯ ಮುಳ್ಳು, ಕಾಳಿನಷ್ಟು ವ್ಯತ್ಯಾಸಕ್ಕೂ ಅಲ್ಲಾಡುತ್ತದೆ. ಸದ್ದು ಸ್ವಲ್ಪ ಜಾಸ್ತಿ. ವಯಸ್ಸು ಅರವತ್ತು ದಾಟಿದ್ದರೂ ಬಾಳಿಕೆಯ ಬಗ್ಗೆ ಅನುಮಾನ ಪಡುವ ಹಾಗಿಲ್ಲ. ನಾನು ಯಶವಂತಪುರದಲ್ಲಿ ಪೇಪರ್ ಪ್ಲೇಟು, ಪಾರ್ಸಲ್ ಡಬ್ಬ, ಕವರುಗಳ ಸಗಟು ಅಂಗಡಿ ಇಟ್ಟವನು. ಬೆರಳಿನಲ್ಲಿ ಉಜ್ಜದೆ, ಬೆಳಕಿಗೆ ಹಿಡಿಯದೆ ಯಾವ ಮಾಲನ್ನೂ ಒಳಗೆ ಇಳಿಸಿಕೊಳ್ಳುವವನಲ್ಲ. ಈ ಹೆಂಗಸನ್ನೂ ಹಾಗೆಯೇ ನೋಡಿದ್ದೇನೆ. ಮೊದಲ ದರ್ಜೆ. ಅವರ ಎದುರಿಗೆ ಮಾತ್ರ ಹೇಳುವುದಿಲ್ಲ, ಹೇಳಿದರೆ ಮುಂದಿನ ಸಲ ಅದನ್ನೇ ಹಿಡಿದುಕೊಂಡು ರೇಟು ಇಳಿಸುತ್ತಾರೆ.

ಕೊಡಿಗೇಹಳ್ಳಿಯ ಒಳಗೆ, ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳ ನಡುವೆ ಸಿಕ್ಕಿಕೊಂಡ ಹಳೆಯ ಹೆಂಚಿನ ಮನೆ ಅವರದು. ಮುಂದಿನ ಜಗಲಿಯೇ ಒಬ್ಬಟ್ಟಿನ ಅಂಗಡಿ, ಹಿಂದಿನ ಹಿತ್ತಲಲ್ಲಿ ಸುಂದ್ರಿ ಎಂಬ ಒಂದು ಸೀಮೆ ಹಸು. ಅಕ್ಕಪಕ್ಕದವರು ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲೆಲ್ಲ ಕಾರು ನಿಲ್ಲಿಸಿದರೂ ಮುನಿಕೆಂಪಮ್ಮ ಸುಂದ್ರಿಯನ್ನು ಬಿಡಲಿಲ್ಲ. ಅದಕ್ಕೆ ಕಾರಣ ಪ್ರೀತಿ ಎಂದು ಅವರ ಮಗ ಸುರೇಶ್ ಹೇಳುತ್ತಾನೆ. ನನ್ನ ಲೆಕ್ಕ ಬೇರೆ. ಒಬ್ಬಟ್ಟು ತಟ್ಟಲು ಬಾಳೆಎಲೆ ಬೇಕು. ಎಣ್ಣೆ ಸವರಿದ ಎಲೆಯ ಮೇಲೆ ಹೂರಣ ತುಂಬಿದ ಕಣಕವನ್ನು ತಟ್ಟಿ, ಎಲೆ ಸಮೇತ ಕಾವಲಿಗೆ ಬೋರಲು ಹಾಕಿ, ಎಲೆಯನ್ನು ಮೆಲ್ಲನೆ ಎತ್ತಿಕೊಳ್ಳಬೇಕು. ಹೊತ್ತು ಇಳಿಯುವಾಗ ಎಲೆಗಳೆಲ್ಲ ಹರಿದು ಚಿಂದಿಯಾಗಿರುತ್ತವೆ. ಅವನ್ನು ಸುಂದ್ರಿಯ ಬಾನಿಗೆ ಹಾಕುವುದು ಆ ಮನೆಯ ಪದ್ಧತಿ. ಎಲೆಗೆ ಹತ್ತಿದ ತುಪ್ಪ, ಬೆಲ್ಲ, ಎಲ್ಲವೂ ಸುಂದ್ರಿಯ ಪಾಲು. ಸುಂದ್ರಿಯ ಹಾಲು ಮನೆಯ ಪಾಲು. ಆ ಮನೆಯಲ್ಲಿ ಏನೂ ವ್ಯರ್ಥವಾಗುವುದಿಲ್ಲ, ನನ್ನ ಜೊತೆ ಚೌಕಾಸಿಗೆ ಕಳೆದ ಹೊತ್ತನ್ನು ಬಿಟ್ಟರೆ.

ಬಾಳೆಎಲೆ ಹಬ್ಬದ ಹಿಂದುಮುಂದೆ ಕೈಗೆ ಸಿಗುವುದಿಲ್ಲ. ಸಿಕ್ಕರೆ ಹರಿದಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಬೇರೆಯವರು ತಟ್ಟುತ್ತಿದ್ದರು, ಮುನಿಕೆಂಪಮ್ಮ ಮುಟ್ಟಲಿಲ್ಲ. ಆಮೇಲೆ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು, ನನ್ನ ಅಂಗಡಿಗೆ ಎಣ್ಣೆ ಕುಡಿಯದ ಕಾಗದ ಬಂತು. ಬೆಳ್ಳಗೆ, ನಯವಾಗಿ, ತುಪ್ಪ ಸುರಿದರೂ ಆಚೆ ಬದಿ ಒಣಗಿಯೇ ಇರುವ ಕಾಗದ. ಅದೇ ಕಾಗದ ಒಳಗೆ ಅಂಟಿಸಿದ ಡಬ್ಬಗಳೂ ಬಂದವು. ಒಂದು ಕಟ್ಟು ತೆಗೆದುಕೊಂಡು ಹೋಗಿ ತೋರಿಸಿದೆ.

“ಏನ್ ತಾಜಣ್ಣ, ಕಾಗ್ದ ತೆಳ್ಳಗೈತೆ, ರೇಟು ದಪ್ಪಗೈತೆ?”

“ಅಕ್ಕಾ, ಒಂದು ಹಾಳೆಯಲ್ಲಿ ಇಡೀ ದಿನ ತಟ್ಟಬಹುದು. ಹರಿಯಲ್ಲ.”

“ಅರಿಯಲ್ಲ ಅಂದ್ರೆ ನಿಂಗೇನ್ ಲಾಭ? ನಾಳೆ ಇನ್ನೊಂದ್ ಕಟ್ಟು ಎಂಗೆ ಮಾರ್ತೀಯ?”

ಕೊಡಿಗೇಹಳ್ಳಿಯ ಹಳೆಯ ಮನೆಗಳಲ್ಲಿ ‘ಹ’ ಅಕ್ಷರಕ್ಕೆ ಬಾಡಿಗೆಗೂ ಜಾಗ ಸಿಗುವುದಿಲ್ಲ. ಹಸು ಅಸು, ಹಾಲು ಆಲು. ಅದು ಗೊತ್ತಿದ್ದರೆ ಮುನಿಕೆಂಪಮ್ಮನ ಮಾತು ಅವರ ಒಬ್ಬಟ್ಟಿನಷ್ಟೇ ಸಲೀಸು.

ಕಾಗದ ತೆಗೆದುಕೊಂಡರು. ಮೆಚ್ಚಿಕೊಂಡರು ಕೂಡ, ಅದನ್ನು ಒಪ್ಪಿಕೊಳ್ಳಲಿಲ್ಲ ಅಷ್ಟೆ. ಇಲ್ಲಿಂದ ಮುಂದೆ ನಡೆದ ತಪ್ಪನ್ನು ಆ ಮನೆಯವರಲ್ಲದೆ ಇನ್ನಾರೂ ಮಾಡುತ್ತಿರಲಿಲ್ಲ. ಎಲೆ ಹೋಗಿ ಕಾಗದ ಬಂದರೂ ಪದ್ಧತಿ ಹೋಗಲಿಲ್ಲ. ದಿನದ ಕೊನೆಗೆ ತುಪ್ಪ, ಬೆಲ್ಲ ಹತ್ತಿದ ಕಾಗದಗಳು ಸುಂದ್ರಿಯ ಬಾನಿಗೆ ಬಿದ್ದವು. ಕಾಗದವೂ ಮರದ್ದೇ ಅಲ್ಲವೇ? ಸುಂದ್ರಿ ಕಣ್ಣು ಮುಚ್ಚಿಕೊಂಡು ಮೆದ್ದಿತು.

ಈ ನಡುವೆ ಮುನಿಕೆಂಪಮ್ಮನಿಗೆ ಒಂದು ದೊಡ್ಡ ಆರ್ಡರ್ ಬಂತು. ಅಮೃತಹಳ್ಳಿ ಕಡೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಯುಗಾದಿಗೆ ಎಲ್ಲ ಮನೆಗಳಿಗೂ ಒಬ್ಬಟ್ಟಿನ ಡಬ್ಬ ಹಂಚುತ್ತಾರೆ. ಹಿಂದಿನ ವರ್ಷದ ಡಬ್ಬಗಳಿಂದ ಎಣ್ಣೆ ಸೋರಿ ಯಾರದೋ ರೇಷ್ಮೆ ಸೀರೆ ಕೆಟ್ಟಿತ್ತಂತೆ. ಹಾಗಾಗಿ ಸಂಘದ ಕಾರ್ಯದರ್ಶಿ ಶಾಂತಲಾ ಅವರದು ಒಂದೇ ಷರತ್ತು: ಡಬ್ಬದ ಮೇಲೆ ಎಣ್ಣೆ ಕಲೆ ಕಾಣಬಾರದು. ನನ್ನ ಡಬ್ಬ ತೋರಿಸಿದ ಮೇಲೇ ಅವರು ಒಪ್ಪಿದ್ದು.

ಆ ಆರ್ಡರಿನಲ್ಲಿ ಮುನಿಕೆಂಪಮ್ಮನಿಗೆ ಬೇಕಾಗಿದ್ದದ್ದು ಒಂದೇ, ಡಬ್ಬದ ಮೇಲೆ ಅವರ ಹೆಸರು. ಎಷ್ಟೋ ವರ್ಷದಿಂದ ಅವರು ಬೇಯಿಸಿದ ಒಬ್ಬಟ್ಟುಗಳು ಸಹಕಾರನಗರದ ಸ್ವೀಟ್ ಸ್ಟಾಲುಗಳಿಗೆ ಹೋಗಿ, ಅಲ್ಲಿನ ಡಬ್ಬದೊಳಗೆ ಕೂತು, ಅಲ್ಲಿನ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. “ನಾನ್ ಎತ್ತಿದ್ ಕೂಸು, ಊರೆಲ್ಲಾ ಬೇರೆಯವರ್ ಮನೆ ಕೂಸು ಅಂತಾರೆ” ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ನಗು ಪೂರ್ತಿ ಇರಲಿಲ್ಲ. ಈ ಸಲ ಡಬ್ಬದ ಮುಚ್ಚಳದ ಮೇಲೆ ಕೆಂಪು ಅಕ್ಷರದಲ್ಲಿ ‘ಕೊಡಿಗೇಹಳ್ಳಿ ಮುನಿಕೆಂಪಮ್ಮನ ಒಬ್ಬಟ್ಟು’ ಎಂದು ಅಚ್ಚಾಗಬೇಕೆಂದು ಹೇಳಿ ಮಾಡಿಸಿದರು.

ಅಚ್ಚಾದ ಮೊದಲ ಡಬ್ಬ ಹಿಡಿದು ನಾನು ಅವರ ಮನೆಗೆ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಮುನಿಕೆಂಪಮ್ಮ ಸೆರಗಿಗೆ ಕೈ ಒರೆಸಿಕೊಂಡು ಡಬ್ಬ ತೆಗೆದುಕೊಂಡರು. ತಿರುಗಿಸಿ ನೋಡಿದರು. ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. ಅಚ್ಚು ಕೈಗೆ ಹತ್ತುತ್ತದೆಯೇ ಎಂದು ಪರೀಕ್ಷೆ ಮಾಡುವವರ ಹಾಗೆ ಮುಖ ಮಾಡಿಕೊಂಡಿದ್ದರೂ ಅದು ಪರೀಕ್ಷೆಯಲ್ಲ ಎಂದು ನನಗೆ ಗೊತ್ತಾಯಿತು.

ಆಗ ಹಿತ್ತಲಿನಿಂದ ಸೊಸೆ ಸರಳಾ ಕೂಗಿದಳು. “ಅತ್ತೇ, ಸುಂದ್ರಿ ಬಾಯಲ್ಲಿ ಏನದು?”

“ಕಾಗ್ದ ಕಣೇ. ತುಪ್ಪ ಅತ್ತಿರ್ತದಲ್ಲ, ಚಪ್ಪರಿಸ್ಕೊಂಡು ತಿಂತದೆ.”

ಸರಳಾ ಪೀಣ್ಯದ ಕಡೆ ಒಂದು ಪರೀಕ್ಷಾ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಆಹಾರ ಕಟ್ಟುವ ಕಾಗದ, ಡಬ್ಬ, ನೀರು ಎಲ್ಲ ಅಲ್ಲಿ ಪರೀಕ್ಷೆಗೆ ಬರುತ್ತವೆ. ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವಳು, ಹಿತ್ತಲಿನ ಊಟದ ಪಟ್ಟಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಒಳಗೆ ಬಂದು ಹೊಸ ಹಾಳೆಯೊಂದನ್ನು ತೆಗೆದು, ಬಾಣಲೆಯ ಎಣ್ಣೆಗೆ ಬೆರಳು ಅದ್ದಿ ಒಂದು ಹನಿ ಬಿಟ್ಟಳು. ಹನಿ ಹರಡಲಿಲ್ಲ, ಇಂಗಲಿಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಂತ ಹಾಗೆ ಗುಂಡಗೆ ನಿಂತಿತು. ಹಾಳೆಯನ್ನು ಓರೆ ಮಾಡಿದಳು. ಮುತ್ತಿನ ಹಾಗೆ ಉರುಳಿ ನೆಲಕ್ಕೆ ಬಿತ್ತು.

“ಎಷ್ಟು ಚೆನ್ನಾಗಿದೆ ನೋಡಮ್ಮ ಮಾಲು” ಎಂದೆ ನಾನು.

“ಚೆನ್ನಾಗಿದೆ ಅಂಕಲ್, ಅದೇ ಅನುಮಾನ” ಎಂದಳು. “ಮೇಣ ಹಾಕಿದ ಕಾಗದ ಆದ್ರೆ ಎಣ್ಣೆ ಸ್ವಲ್ಪನಾದ್ರೂ ಹರಡುತ್ತೆ. ಇಷ್ಟು ಗುಂಡಗೆ ನಿಲ್ಲಬೇಕಾದ್ರೆ ಫ್ಲೋರಿನ್ ಇರೋ ಕೆಮಿಕಲ್ ಬಳಿದಿರಬಹುದು. ಇದ್ರಿಂದಲೇ ಹೌದು ಅಂತ ಹೇಳಕ್ಕಾಗಲ್ಲ. ಲ್ಯಾಬಲ್ಲಿ ನೋಡಿಸ್ಬೇಕು.”

“ಅಮ್ಮಾ, ಕಟ್ಟಿನ ಮೇಲೆ ಫುಡ್ ಗ್ರೇಡ್ ಅಂತ ಬರೆದಿದೆ.”

“ಅದನ್ನ ಸುಂದ್ರಿ ಓದ್ಕೊಂಡ್ ತಿಂತೈತಾ ತಾಜಣ್ಣ?” ಎಂದರು ಮುನಿಕೆಂಪಮ್ಮ. ಆಗಿನ್ನೂ ಅವರಿಗೆ ತಮಾಷೆ ಉಳಿದಿತ್ತು.

ಕೆಮಿಕಲ್ ಇದ್ದರೆ ಏನಾಗುತ್ತದೆ ಎಂದು ಕೇಳಿದರು. ಸರಳಾ ಹೆದರಿಸುವ ಹುಡುಗಿಯಲ್ಲ, ಮಾತನ್ನು ತೂಗಿ ಹೇಳಿದಳು. ಒಂದು ದಿನ ತಿಂದರೆ ಮಲಗಿಬಿಡುವಂಥದ್ದೇನೂ ಅಲ್ಲ. ಆದರೆ ಈ ಜಾತಿಯ ಕೆಮಿಕಲ್ಲುಗಳು ಕರಗಿ ಹಾಳಾಗುವುದೇ ಇಲ್ಲ. ಕೆಲವು ಮೈಯೊಳಗೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಕೂರುತ್ತವೆ. ಜಾಸ್ತಿ ಸೇರಿಕೊಂಡವರಲ್ಲಿ ರಕ್ತದ ಕೊಬ್ಬು ಏರಿರುವುದನ್ನು, ಕಿಡ್ನಿಯ ಕ್ಯಾನ್ಸರಿನ ಭಯ ಹೆಚ್ಚಿರುವುದನ್ನು ತಿಳಿದವರು ಕಂಡುಕೊಂಡಿದ್ದಾರೆ. ಚಿಕ್ಕ ಮಕ್ಕಳಿಗೆ ಹಾಕಿದ ಲಸಿಕೆ ಸರಿಯಾಗಿ ಹಿಡಿಯದೆ ಹೋಗುವುದೂ ಉಂಟು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಹಸು ತಿಂದರೆ ಹಾಲಿಗೂ ಬರುತ್ತದೆ.

ಹಾಲು ಎಂಬ ಮಾತು ಬಂದಾಗ ಇಬ್ಬರೂ ತೊಟ್ಟಿಲ ಕಡೆ ನೋಡಿದರು. ವರ್ಷ ದಾಟಿದ ಮೊಮ್ಮಗ ಪುನೀತ್ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಮೂಲೆಯಲ್ಲಿ ಅವನ ಲೋಟ ಇತ್ತು, ತಳದಲ್ಲಿ ಒಂದು ಗುಟುಕು ಹಾಲು.

ಮುನಿಕೆಂಪಮ್ಮ ಎದ್ದು ಹಿತ್ತಲಿಗೆ ಹೋಗಿ ಸುಂದ್ರಿಯ ಬಾಯೊಳಗೆ ಕೈ ಹಾಕಿ ಉಳಿದ ಕಾಗದ ಎಳೆದರು. ಸುಂದ್ರಿ ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರಿಗೂ ಜಗಳವಾಯಿತು.

ಸರಳಾ ಹಾಳೆಯನ್ನು ಲ್ಯಾಬಿಗೆ ಒಯ್ದಳು. ಫ್ಲೋರಿನ್ ಇತ್ತು, ಕಾಗದದಲ್ಲಿ ತಾನಾಗಿ ಇರಬಹುದಾದದ್ದಕ್ಕಿಂತ ಬಹಳ ಜಾಸ್ತಿಯೇ ಇತ್ತು. ನಾನು ಮಿಲ್ಲಿನ ಏಜೆಂಟನಿಗೆ ಫೋನ್ ಮಾಡಿ ಕಾಗದಕ್ಕೆ ಏನು ಬಳಿಯುತ್ತೀರಿ ಎಂದು ಕೇಳಿದೆ. ಅದು ಕಂಪನಿಯ ಗುಟ್ಟು ಎಂದ. ನಾನೂ ವ್ಯಾಪಾರಿ, ಗುಟ್ಟು ಗೊತ್ತು. ಕೊಂಡ ರೇಟು ಗುಟ್ಟು, ಎಲ್ಲಿಂದ ಕೊಂಡೆ ಎಂಬುದು ಗುಟ್ಟು. ತಿನ್ನುವ ಪದಾರ್ಥಕ್ಕೆ ತಾಗುವುದು ಗುಟ್ಟಾಗಿದ್ದನ್ನು ಅವತ್ತೇ ಕೇಳಿದ್ದು. ಸುಂದ್ರಿಯ ಹಾಲಿನಲ್ಲಿ ಎಷ್ಟು ಸೇರಿದೆ ಎಂದು ತಿಳಿಯಲು ಆ ಲ್ಯಾಬಿನಲ್ಲಿ ಸಾಧನವಿರಲಿಲ್ಲ. ಅಷ್ಟು ಸಣ್ಣ ಪ್ರಮಾಣ ಹಿಡಿಯುವ ಯಂತ್ರ ಬೇರೆ ಇರುತ್ತದಂತೆ. ಕಾಗದ ನಿಲ್ಲಿಸಿ ಒಳ್ಳೆ ಮೇವು ಹಾಕುತ್ತಾ ಹೋದರೆ ಹಸುವಿನ ಮೈಯಿಂದ ತಿಂಗಳುಗಳಲ್ಲಿ ಕಮ್ಮಿಯಾಗುತ್ತಾ ಬರುತ್ತದೆ ಎಂದಷ್ಟೇ ಸರಳಾ ಹೇಳಿದಳು. ಅಲ್ಲಿಯವರೆಗೆ ಸುಂದ್ರಿಯ ಹಾಲನ್ನು ಮಗುವಿಗೆ ಕೊಡುವುದು ಬೇಡ ಎಂದು ಅತ್ತೆಯೇ ತೀರ್ಮಾನ ಮಾಡಿದರು.

ಲ್ಯಾಬಿನ ವರದಿ ಬಂದ ಮಾರನೆಯ ದಿನ ನನ್ನ ಅಂಗಡಿಯ ಮುಂದೆ ಸುರೇಶನ ಗೂಡ್ಸ್ ಆಟೋ ನಿಂತಿತು. ಮುನಿಕೆಂಪಮ್ಮ ಇಳಿದರು, ಉಳಿದ ಕಾಗದದ ಕಟ್ಟುಗಳನ್ನೂ ಇಳಿಸಿದರು.

“ತಗೋ ತಾಜಣ್ಣ, ನಿನ್ ಮಾಲು.”

“ಅಕ್ಕಾ, ಒಲೆಗೆ ಹಾಕಿದ್ದರೆ ಆಗುತ್ತಿತ್ತಲ್ಲ, ಇಷ್ಟು ದೂರ ಯಾಕೆ ಹೊತ್ತುಕೊಂಡು ಬಂದಿರಿ?”

“ಕೇಳ್ದೆ ಕಣಪ್ಪ ಸರಳನ್ನ. ಒಲೇಲಿ ಸುಟ್ರೆ ಸಾಯಲ್ವಂತೆ, ಒಗೇಲಿ ಓಗಿ ಬೂದೀಲಿ ಕೂತ್ಕೊಂತದಂತೆ. ಊತ್ರೆ ಕೊಳೆಯಲ್ವಂತೆ, ಮಳೆ ನೀರಾಗೆ ಇಳ್ದು ಬೋರ್‌ವೆಲ್ಗೆ ಸೇರ್ತದಂತೆ. ನಮ್ ಮಾವ ಚಿಕ್ಕಮುನಿಯಪ್ಪ ನೂರರ ಅತ್ರಕ್ಕೆ ಬದುಕಿದ್ರು, ಅವ್ರೂ ಒಂದಿನ ಓದ್ರು. ಇದು ಅವ್ರಿಗಿಂತ ಗಟ್ಟಿ. ನನ್ ಮನೇಲಿ ಜಾಗ ಇಲ್ಲ.”

“ಸರಿ, ಕಾಗದ ಬಿಡಿ. ಡಬ್ಬ?”

“ಡಬ್ಬಾನೂ ಬ್ಯಾಡ.”

“ಅಕ್ಕಾ, ಎಲ್ಲ ಪ್ರಿಂಟ್ ಆಗಿ ಗೋದಾಮಿನಲ್ಲಿದೆ. ಬೇರೆ ಯಾರಿಗೂ ಮಾರಕ್ಕಾಗಲ್ಲ. ನಿಮ್ಮ ಹೆಸರಿದೆ ಅದರ ಮೇಲೆ.”

“ಅದುಕ್ಕೇ ಬ್ಯಾಡ ಅಂತಿರೋದು. ಬೇರೆಯವರ್ ಎಸ್ರು ಇದ್ದಿದ್ರೆ ಯೋಚ್ನೆ ಮಾಡ್ತಿದ್ನೋ ಏನೋ.”

ನಾನು ಗಲ್ಲಾ ಬಿಟ್ಟು ಎದ್ದು ಹೊರಗೆ ಬಂದೆ.

“ಆರ್ಡರ್ ಕೈ ಬಿಡುತ್ತೆ ಅಕ್ಕ” ಎಂದೆ. “ಆ ಮೇಡಮ್ಮು ಕಲೆ ಇರಬಾರದು ಅಂತ ಮೊದಲೇ ಹೇಳಿದ್ದಾರೆ. ಯುಗಾದಿ ಹತ್ತಿರ ಬಂತು. ಸ್ವೀಟ್ ಸ್ಟಾಲಿನವರು ಕಾಯ್ತಾ ಕೂತಿದ್ದಾರೆ. ಮತ್ತೆ ನಿಮ್ಮ ಒಬ್ಬಟ್ಟು ಅವರ ಹೆಸರಲ್ಲೇ ಹೋಗುತ್ತೆ.”

ಅವರಿಗೆ ಅದು ನಾಟಿತು. ಸುರೇಶ ನೆಲ ನೋಡಿದ. ಮುನಿಕೆಂಪಮ್ಮ ಆಟೋ ಹತ್ತಿ ಕೂತು ಕೇಳಿದರು, “ಬರೀ ರಟ್ಟಿನ ಡಬ್ಬ ಐತಾ? ಏನೂ ಬಳೀದೆ ಇರೋದು?”

ಇತ್ತು. ಶೂ ಅಂಗಡಿಯವರೂ ಬೇಡವೆಂದು ಬಿಟ್ಟ ಕಂದು ಬಣ್ಣದ ರಟ್ಟಿನ ಡಬ್ಬ. ಆ ಡಬ್ಬಕ್ಕೂ ಚೌಕಾಸಿ ಮಾಡಿದರು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು, ಹೆಂಗಸು ಸೋತಿಲ್ಲ.

ಅವರ ಯೋಚನೆ ಇದು: ಬಾಳೆಎಲೆಯನ್ನು ಬೆಂಕಿಯ ಮೇಲೆ ಬಾಡಿಸಿದರೆ ಮಡಚಿದರೂ ಒಡೆಯುವುದಿಲ್ಲ. ಎಲೆ ಎಣ್ಣೆ ಕುಡಿಯುವುದೂ ಇಲ್ಲ. ಒಬ್ಬಟ್ಟನ್ನು ಅದರಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿ ಇಡುವುದು. ಮೊದಲ ಸಲ ಸುತ್ತಿ ನನಗೇ ಕಳಿಸಿದರು. ಮರುದಿನ ನನ್ನ ಹೆಂಡತಿ ಕನೀಜ್ ಡಬ್ಬ ತೆರೆದರೆ ಒಳಗೆ ಉಗಿ ಬೆವರಾಗಿ, ಒಬ್ಬಟ್ಟು ಎಲೆಗೆ ಅಂಟಿ, ಡಬ್ಬದ ತಳ ಒದ್ದೆಯಾಗಿತ್ತು. ವಾಸನೆಯೂ ತಿರುಗಿತ್ತು. ಫೋನ್ ಮಾಡಿದೆ.

“ಅಕ್ಕಾ, ಒಬ್ಬಟ್ಟು ಸ್ನಾನ ಮಾಡ್ಕೊಂಡು ಬಂದಿದೆ.”

“ನಗು, ನಗು. ನಿನ್ ಕಾಗ್ದಾನ ಅಸೂಗೆ ತಿನ್ಸಿದೋಳು ನಾನು, ನಂಗೇನ್ ನಾಚ್ಕೆ?” ಎಂದು ಫೋನಿಟ್ಟರು.

ಆಮೇಲೆ ಎಷ್ಟು ಸಲ ಮಾಡಿದರೋ ನನಗೆ ಗೊತ್ತಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಬಿದಿರಿನ ಮೊರದಲ್ಲಿ. ಕಾವಲಿಯಿಂದ ತೆಗೆದ ಒಬ್ಬಟ್ಟನ್ನು ಮೊರದ ಮೇಲೆ ಹತ್ತಿ ಬಟ್ಟೆ ಹಾಸಿ ಹರಡುವುದು, ತಳದ ಸಂದಿಯಿಂದಲೂ ಗಾಳಿ ಆಡಿ ಪೂರ್ತಿ ಆರಿದ ಮೇಲೆಯೇ ಎಲೆಗೆ ಸೇರಿಸುವುದು. ಆರುವುದಕ್ಕೆ ಜಾಗ ಬೇಕು. ಹಾಲ್, ಮಂಚ, ಟಿವಿಯ ಮೇಜು ಎಲ್ಲೆಲ್ಲೂ ಮೊರಗಳು. ಮನೆಯಲ್ಲಿ ಕೂರಲು ಜಾಗವಿಲ್ಲದೆ ಸುರೇಶ ಆಟೋದಲ್ಲೇ ಕೂತು ಊಟ ಮಾಡಿದ.

ಇನ್ನು ಉಳಿದದ್ದು ಅಪಾರ್ಟ್‌ಮೆಂಟಿನವರನ್ನು ಒಪ್ಪಿಸುವುದು. ನಾನೂ ಜೊತೆಗೆ ಹೋದೆ. ಮಾತು ಕೆಟ್ಟರೆ ಸಂಭಾಳಿಸೋಣ ಎಂದುಕೊಂಡಿದ್ದೆ. ಕ್ಲಬ್ ಹೌಸಿನಲ್ಲಿ ಶಾಂತಲಾ ಮತ್ತು ಸಂಘದ ಮೂರ್ನಾಲ್ಕು ಜನ ಕೂತಿದ್ದರು. ಮುನಿಕೆಂಪಮ್ಮ ಮೇಜಿನ ಮೇಲೆ ಎರಡು ಡಬ್ಬ ಇಟ್ಟರು. ಒಂದು ಹೆಸರು ಅಚ್ಚಾದ ಬಿಳಿ ಡಬ್ಬ. ಇನ್ನೊಂದು ಕಂದು ಡಬ್ಬ, ಮುಚ್ಚಳದ ಮೇಲೆ ರಬ್ಬರ್ ಮೊಹರಿನ ಹೆಸರು ಸ್ವಲ್ಪ ವಾರೆಯಾಗಿ ಕೂತಿತ್ತು.

“ಅಮ್ಮ, ನಾವು ಒಪ್ಪಿದ್ದು ಬಿಳೀದನ್ನ” ಎಂದರು ಶಾಂತಲಾ.

“ಔದು. ಅದನ್ನ ಕೊಡಲ್ಲ ಅಂತ ಏಳಕ್ಕೇ ಬಂದೆ.”

ಪಕ್ಕದಲ್ಲಿದ್ದವರೊಬ್ಬರು ನಕ್ಕರು. “ಎಲ್ಲಾ ಕಡೆ ಇದೇ ಬಾಕ್ಸಲ್ಲಿ ಕೊಡ್ತಾರಲ್ಲ ಅಮ್ಮ. ನಾವು ದಿನಾ ತರಿಸ್ಕೊಂಡು ತಿಂತೀವಿ.”

“ಕೊಡ್ತಾರೆ ಸಾ. ನಾನೂ ಕೊಡ್ತಿದ್ದೆ.”

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅಂಗಡಿ ನಡೆಸುವವರು ತಮ್ಮ ಮಾಲಿನ ಒಳಗುಟ್ಟನ್ನು ಗಿರಾಕಿಯ ಮುಂದೆ ಬಿಚ್ಚಿಡುವುದಿಲ್ಲ. ನಾನು ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಮುನಿಕೆಂಪಮ್ಮ ಸುಂದ್ರಿಯ ಬಾನಿಯಿಂದ ಹಿಡಿದು ಪುನೀತನ ಲೋಟದವರೆಗೆ ಎಲ್ಲವನ್ನೂ ಹೇಳಿದರು. ಸೊಸೆ ಏನು ಹೇಳಿದಳು, ಲ್ಯಾಬಿನಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನೂ ಬಿಡಲಿಲ್ಲ. ನಂತರ ಎರಡೂ ಡಬ್ಬದ ಒಳಗೆ ಒಂದೊಂದು ಹನಿ ಎಣ್ಣೆ ಬಿಟ್ಟರು. ಬಿಳಿ ಡಬ್ಬದಲ್ಲಿ ಹನಿ ಮುತ್ತಾಗಿ ನಿಂತಿತು. ಕಂದು ಡಬ್ಬ ಗಟಗಟನೆ ಕುಡಿದುಬಿಟ್ಟಿತು.

“ಅಂದ್ರೆ ಕಲೆ ಆಗುತ್ತೆ” ಎಂದರು ಶಾಂತಲಾ.

“ಆಗ್ತದೆ. ತುಪ್ಪ ಆಕಿದ್ರೆ ಆಗ್ತದೆ. ಎಲೆ ತಡೀತದೆ, ಆದ್ರೂ ಅಂಚಲ್ಲಿ ಎಲ್ಲೋ ಒಂದ್ ಕಡೆ ತಳಕ್ಕೆ ಇಳೀತದೆ. ಸುಳ್ ಏಳಲ್ಲ ಕಣಮ್ಮ. ನನ್ ಅಸೂಗೆ ಆಕದೆ ಇರೋದನ್ನ ನಿಮ್ ಮಕ್ಳ ಊಟಕ್ಕೆ ಸುತ್ತಲ್ಲ. ಬೇಕಂದ್ರೆ ಇಟ್ಕೊಳಿ, ಬ್ಯಾಡಂದ್ರೆ ಎತ್ಕೊಂಡ್ ಓಗ್ತೀನಿ. ಎರಡ್ ದಿನ ಇಟ್ಟು ನೋಡಿ.”

ಶಾಂತಲಾ ಎರಡು ದಿನ ಇಟ್ಟು ನೋಡಿದರು. ಲೆಕ್ಕ ಗೊತ್ತಿರುವ ಹೆಣ್ಣುಮಗಳು, ಕರಗಿಹೋಗಲಿಲ್ಲ. ಫೋನ್ ಮಾಡಿ ಹೇಳಿದ್ದು ಹೀಗೆ: ಒಬ್ಬಟ್ಟು ಕೆಟ್ಟಿಲ್ಲ, ತಳದಲ್ಲಿ ಸಣ್ಣ ಕಲೆ ಬಂದಿದೆ, ಮುಚ್ಚಳ ಒಣಗಿದೆ. ತಳಕ್ಕೆ ಇನ್ನೊಂದು ರಟ್ಟು ಹಾಕಿ, ಮುಚ್ಚಳ ಹೀಗೇ ಇರಲಿ, ಆರ್ಡರ್ ನಿಮ್ಮದೇ. ಕೊನೆಗೆ, “ನಮ್ಮ ಮನೆಯಲ್ಲಿರೋ ಪಾರ್ಸಲ್ ಡಬ್ಬಗಳನ್ನ ಹೇಗೆ ನೋಡೋದು ಅಂತ ನಿಮ್ಮ ಸೊಸೆ ಒಂದು ದಿನ ಬಂದು ಹೇಳ್ತಾರಾ?” ಎಂದು ಕೇಳಿದರಂತೆ. ಅದನ್ನು ನನಗೆ ಹೇಳುವಾಗ ಮುನಿಕೆಂಪಮ್ಮನ ಕುತ್ತಿಗೆ ಎರಡು ಬೆರಳು ಉದ್ದವಾಗಿತ್ತು. “ನಮ್ ಸರಳನ್ನ ಕರ್ದವ್ರೆ ಕಣೋ ತಾಜಣ್ಣ! ಬರೀ ಒಬ್ಬಟ್ಟಲ್ಲ, ಸೊಸೇನೂ ಬೇಕಂತೆ!”

ಯುಗಾದಿಯ ದಿನ ನಾನೂ ಆ ಗೇಟಿನ ಹತ್ತಿರ ಇದ್ದೆ. ಕಂದು ಡಬ್ಬಗಳು ಒಂದರ ಮೇಲೊಂದು ಸೇರಿ ಮನೆಮನೆಗೆ ಹೋದವು. ರಬ್ಬರ್ ಮೊಹರು ಒಂದೊಂದರ ಮೇಲೆ ಒಂದೊಂದು ದಿಕ್ಕಿಗೆ ವಾಲಿತ್ತು, ಆದರೆ ಓದಲು ಬರುತ್ತಿತ್ತು. ಕೊಡಿಗೇಹಳ್ಳಿ ಮುನಿಕೆಂಪಮ್ಮನ ಒಬ್ಬಟ್ಟು. ಅವರು ರೇಷ್ಮೆ ಸೀರೆ ಉಟ್ಟು, ಸೆರಗನ್ನು ಆ ದಿನವೂ ಸೊಂಟಕ್ಕೆ ಬಿಗಿದು, ಡಬ್ಬ ಒಯ್ಯುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಎಲೆ ಎಸೀಬೇಡಿ ಕಣ್ರಪ್ಪ. ಇಲ್ಲಿ ಬಾನಿ ಇಟ್ಟಿದ್ದೀನಿ, ತಂದಾಕಿ. ನಮ್ ಸುಂದ್ರಿಗೂ ಅಬ್ಬ.”

ಸಂಜೆ ಹೊತ್ತಿಗೆ ಬಾನಿ ತುಂಬಿ ಚೆಲ್ಲುತ್ತಿತ್ತು. ಜರಿ ಲಂಗದ ಹುಡುಗಿಯರು ಎಲೆ ತಂದು ಹಾಕಿ, ಹಸು ಎಲ್ಲಿ ಎಂದು ಕೇಳಿದರು. ಸುರೇಶ ಎಲೆಗಳನ್ನು ಆಟೋಗೆ ತುಂಬಿಕೊಂಡು ಹೊರಟ. ಪಕ್ಕದಲ್ಲಿ ಮುನಿಕೆಂಪಮ್ಮ ಎಲೆಯ ರಾಶಿಗೆ ಕೈ ಆನಿಸಿ ಮೆರವಣಿಗೆಯವರ ಹಾಗೆ ಕೂತಿದ್ದರು. ಪುನೀತ್ ಈಗ ಮಳಿಗೆಯಿಂದ ತಂದ ಹಾಲನ್ನು ಕುಡಿಯುತ್ತಾನೆ, ಸುಂದ್ರಿ ಎಲೆ ತಿನ್ನುತ್ತದೆ. ಸುಂದ್ರಿಯ ಹಾಲಿಗೆ ಯಾವಾಗ ಮರಳಬಹುದೆಂದು ಸರಳಾ ಹೇಳುವವರೆಗೂ ಕಾಯುತ್ತೇನೆ ಎಂದು ಅಜ್ಜಿ ಹೇಳುತ್ತಾರೆ. ಕಾಯುವುದು ಅವರ ಸ್ವಭಾವದಲ್ಲಿಲ್ಲ, ಆದರೂ ಕಾಯುತ್ತಿದ್ದಾರೆ.

ಹೆಸರು ಅಚ್ಚಾದ ಬಿಳಿ ಡಬ್ಬಗಳೂ ಆ ಕಾಗದದ ಕಟ್ಟುಗಳೂ ಇನ್ನೂ ನನ್ನ ಗೋದಾಮಿನಲ್ಲಿವೆ. ಏಜೆಂಟ್ ವಾಪಸ್ಸು ತೆಗೆದುಕೊಳ್ಳಲಿಲ್ಲ. ಮಾರುವ ಹಾಗಿಲ್ಲ, ಸುಡುವ ಹಾಗಿಲ್ಲ, ಹೂಳುವ ಹಾಗಿಲ್ಲ. ನನಗಿಂತ ಹೆಚ್ಚು ಕಾಲ ಅಲ್ಲಿ ಇರುತ್ತವೆ ಎಂದು ಕಾಣುತ್ತದೆ.

ಈಗ ನನ್ನ ಗಲ್ಲಾದ ಪಕ್ಕದಲ್ಲಿ ಒಂದು ಪುಟ್ಟ ಎಣ್ಣೆ ಬಟ್ಟಲು ಇರುತ್ತದೆ. ಹೊಸ ಕಾಗದ, ಹೊಸ ಡಬ್ಬ ಏನೇ ಬರಲಿ, ಮೊದಲು ಒಂದು ಹನಿ ಬಿಡುತ್ತೇನೆ. ಹನಿ ಗುಂಡಗೆ ನಿಂತರೆ ಅನುಮಾನ, ಏನು ಬಳಿದಿದ್ದೀರಿ ಎಂದು ಕೇಳುತ್ತೇನೆ. ಗುಟ್ಟು ಎಂದವರ ಮಾಲನ್ನು ಬಾಗಿಲಿನಿಂದಲೇ ಕಳಿಸುತ್ತೇನೆ. ಮಾಲನ್ನು ಉಜ್ಜುವುದನ್ನು ನನಗೆ ನನ್ನ ಅಪ್ಪ ಕಲಿಸಿದರು. ಬೆಳಕಿಗೆ ಹಿಡಿಯುವುದನ್ನು ಮಾರ್ಕೆಟ್ಟು ಕಲಿಸಿತು. ಒಳಗೆ ಏನಿದೆ ಎಂದು ಕೇಳುವುದನ್ನು ಕಲಿಸಿದವರು ಕೊಡಿಗೇಹಳ್ಳಿಯ ಮುನಿಕೆಂಪಮ್ಮ. ಅದಕ್ಕೆ ನಾನು ಅವರಿಗೆ ಋಣಿ.